ಮಿಡಿಗೇಶಿಯಲ್ಲಿ ಇಳಿದು ನೋಡು

ಮಧುಗಿರಿ
ಶನಿವಾರ ಸಂಜೆ

ಚಿ. ಪುಟ್ಟಿ,

ನಿನ್ನೆ ನೀನು ತಿರುಮಣಿಯ ಸೋಲಾರ್ ಪಾರ್ಕಿನಿಂದ ಫೋನ್ ಮಾಡಿದಾಗ ಅಲ್ಲಿನ ಗಾಳಿ ಅರ್ಧ ಮಾತನ್ನು ಹೊತ್ತುಕೊಂಡು ಹೋಯಿತು. ಉಳಿದರ್ಧವನ್ನು ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಗುರುತು ಹಾಕಿಕೊಂಡೆ. ಒಂದು ಹೋಸ್ಟ್ ಸರ್ವರ್, ಅದರೊಳಗೆ ನಾಲ್ಕು ವರ್ಚುಯಲ್ ಮೆಷೀನು, ಅಂದರೆ ವಿಎಂ. ಹೊರಗಿನಿಂದ ಬರುವ ಫೈಲು ಸಲೀಸಾಗಿ ಬರುತ್ತದೆ. ಒಳಗಿನಿಂದ ಬೆಂಗಳೂರಿಗೆ ಕಳಿಸಬೇಕಾದ್ದು ತೆವಳುತ್ತದೆ. 'ಲೈನೇ ಸರಿಯಿಲ್ಲ, ಕಂಪ್ಲೇಂಟ್ ಬುಕ್ ಮಾಡು' ಅಂತ ನಿನ್ನ ಮೇಲಿನವರು ಅಂದರಂತೆ. ನೀನು ನಿದ್ದೆಗೆಟ್ಟಿರುವುದು ದನಿಯಲ್ಲೇ ಗೊತ್ತಾಗುತ್ತಿತ್ತು. ಫೋನಿನಲ್ಲಿ ಹೇಳಿದರೆ 'ಹ್ಞೂಂ ಮಾವ' ಅಂದುಬಿಡುತ್ತೀಯ. ಕಾಗದವಾದರೆ ಇನ್ನೊಂದು ಸಲವಾದರೂ ಓದುತ್ತೀಯ ಅಂತ ಬರೆಯುತ್ತಿದ್ದೇನೆ.

ನಾನು ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕೆ ಸೇರಿದ ಕಾಲಕ್ಕೆ ಇಂಥದಕ್ಕೆ 'ಒನ್ ವೇ' ಅನ್ನುತ್ತಿದ್ದೆವು. ಆ ಕಡೆಯವರ ಮಾತು ಈ ಕಡೆಗೆ ಸ್ಪಷ್ಟವಾಗಿ ಕೇಳುತ್ತದೆ; ಈ ಕಡೆಯವರು ಎಷ್ಟು ಅರಚಿಕೊಂಡರೂ ಆ ಕಡೆಯಿಂದ ಬರೀ 'ಹಲೋ, ಹಲೋ'. ಜನ ನಂಬುತ್ತಿರಲಿಲ್ಲ. ಬರುವ ಮಾತು ಬರುತ್ತಿರುವಾಗ ಹೋಗುವ ಮಾತಿಗೇನು ಬಂತು ರೋಗ ಅಂತ ನಮ್ಮನ್ನೇ ದಬಾಯಿಸುತ್ತಿದ್ದರು. ಮನೆಯ ಫೋನಿಗೆ ಒಂದೇ ಜೋಡಿ ತಂತಿ, ನಿಜ. ಊರಿಂದೂರಿಗೆ ಹೋಗುವ ಟ್ರಂಕಿನಲ್ಲಿ ಹಾಗಲ್ಲ. ಹೋಗುವ ಮಾತಿಗೆ ಒಂದು ಜೋಡಿ, ಬರುವ ಮಾತಿಗೆ ಇನ್ನೊಂದು. ಒಂದು ಕೆಟ್ಟದ್ದು ಇನ್ನೊಂದಕ್ಕೆ ಗೊತ್ತೇ ಆಗುವುದಿಲ್ಲ. ನಿನ್ನ ನೆಟ್‌ವರ್ಕ್ ಕಾರ್ಡಿನಲ್ಲೂ ಕಳಿಸುವ ಏರ್ಪಾಡು ಬೇರೆ, ಪಡೆಯುವ ಏರ್ಪಾಡು ಬೇರೆ. ಹಾಗಾಗಿ ಬರುವುದು ಸರಿಯಿದ್ದು ಹೋಗುವುದು ಮಾತ್ರ ನಿಧಾನ ಅಂದರೆ, ಹುಡುಕಬೇಕಾದ ಜಾಗ ಆಗಲೇ ಅರ್ಧಕ್ಕರ್ಧ ಕಡಿಮೆಯಾಯಿತು ಅಂದುಕೋ ಕಣಮ್ಮ.

ನಮ್ಮ ಕಡೆಯ ಹಳ್ಳಿಗಳಿಗೆ ಸಿ-ಡಾಟ್‌ನ ಪುಟ್ಟ ಎಕ್ಸ್‌ಚೇಂಜುಗಳು ಬರುತ್ತಿದ್ದ ಕಾಲ ಅದು. ಅದರ ಮೊದಲ ಗ್ರಾಮೀಣ ಎಕ್ಸ್‌ಚೇಂಜು ನಡೆದದ್ದು ನಮ್ಮ ಕಿತ್ತೂರಿನಲ್ಲೇ, 1986ರಲ್ಲಿ. ಎ.ಸಿ. ಇಲ್ಲದೆ ಧೂಳು, ಬಿಸಿಲು ತಡೆದುಕೊಳ್ಳಲೆಂದೇ ಮಾಡಿದ್ದು; ಪಾವಗಡದ ಬೇಸಿಗೆಗೂ ಸೈ ಅಂದಿತು. ನಿನ್ನ ಸರ್ವರಿಗೆ ಎರಡು ಎ.ಸಿ. ಬೇಕಂತೆ. ಇರಲಿ.

ಒಮ್ಮೆ ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ಲೈನಿನಲ್ಲಿ ಒನ್ ವೇ ಬಂತು. ನಾನಿನ್ನೂ ಹುಡುಗ, ಕೈ ಸುಮ್ಮನಿರಲಿಲ್ಲ. ನಮ್ಮ ಕಡೆಯ ಕಾರ್ಡುಗಳನ್ನೆಲ್ಲ ಬದಲಿಸಿದೆ, ಜಂಪರ್ ಕಿತ್ತು ಹೊಸದು ಹಾಕಿದೆ, ಬೆಸುಗೆ ಮೇಲೆ ಬೆಸುಗೆ ಹಾಕಿದೆ. ಸಂಜೆಗೆ ಹಳೆಯ ದೋಷ ಹಾಗೇ ಇತ್ತು. ಜೊತೆಗೆ ಜಂಪರ್ ಅದಲುಬದಲಾಗಿ ಶಿರಾ ಕಡೆಯ ಲೈನೊಂದು ಮೂಕವಾಗಿತ್ತು. ಹಿರಿಯ ಮೆಕ್ಯಾನಿಕ್ ಒಬ್ಬರಿದ್ದರು. ಬೈಯಲಿಲ್ಲ. ಎಲೆಗೆ ಸುಣ್ಣ ಸವರುತ್ತಾ, 'ಮಿಡಿಗೇಶಿಯಲ್ಲಿ ಇಳಿದು ನೋಡಿದೆಯೇನಯ್ಯಾ?' ಅಂತ ಕೇಳಿದರು. ಮಿಡಿಗೇಶಿ ನಿನಗೆ ಗೊತ್ತಲ್ಲ, ನೀನು ವಾರವಾರ ಬಸ್ಸಿನಲ್ಲಿ ದಾಟಿ ಹೋಗುವ ಊರು. ಅಲ್ಲಿ ಲೈನ್ ಬಿಡಿಸಿ ಟೆಸ್ಟ್ ಫೋನ್ ಸಿಕ್ಕಿಸಿ, ಮೊದಲು ಮಧುಗಿರಿ ಕಡೆಗೆ, ಆಮೇಲೆ ಪಾವಗಡದ ಕಡೆಗೆ ಮಾತಾಡಿದರೆ ಕೆಟ್ಟಿರುವುದು ಯಾವ ಅರ್ಧ ಅಂತ ಅಲ್ಲೇ ತಿಳಿಯುತ್ತದೆ. ಮಾರನೆಯ ದಿನ ಬೆಳಗಿನ ಬಸ್ಸಿಗೆ ಹೋದೆ. ಮಧುಗಿರಿ ಕಡೆ ಶುದ್ಧವಾಗಿತ್ತು. ಹಿಂದಿನ ದಿನವೆಲ್ಲ ನಾನು ಕಿತ್ತುಹಾಕಿದ್ದು ಚೆನ್ನಾಗಿದ್ದ ಅರ್ಧವನ್ನು.

ನಿನಗೆ ಹೇಳಬೇಕಾದದ್ದೂ ಇಷ್ಟೇ ಮಗಳೇ. ಏನನ್ನೂ ಬದಲಿಸುವ ಮೊದಲು ದಾರಿಯ ನಡುವೆ ಇಳಿದು ಎರಡೂ ಕಡೆ ಅಳೆ. ಕಂಪ್ಲೇಂಟ್ ಬುಕ್ ಮಾಡುವುದೂ ಅದಾದ ಮೇಲೆ.

ನಿನ್ನ ಪಾಲಿನ ಮಿಡಿಗೇಶಿ ಆ ರ್‍ಯಾಕಿನ ಸ್ವಿಚ್ಚು. ಸರ್ವರಿನ ಕೇಬಲ್ ಬಂದು ಸೇರುವ ಅದೇ ಸ್ವಿಚ್ಚಿಗೆ ನಿನ್ನ ಲ್ಯಾಪ್‌ಟಾಪನ್ನೂ ಸಿಕ್ಕಿಸು. ಎರಡೂ ಕಡೆ ವೇಗ ಅಳೆಯುವ ಐಪರ್ಫ್ ಹಾಕಿ ವಿಎಂನಿಂದ ಲ್ಯಾಪ್‌ಟಾಪಿಗೆ ಕಳಿಸಿ ನೋಡು. ಅದೇ ಕಮಾಂಡಿಗೆ ಮೈನಸ್ ಆರ್ ಸೇರಿಸಿದರೆ ಲ್ಯಾಪ್‌ಟಾಪಿನಿಂದ ವಿಎಂಗೆ ಬರುವುದರ ವೇಗವೂ ಸಿಗುತ್ತದೆ. ಇಲ್ಲಿಯೇ ತೆವಳಿದರೆ ಬೆಂಗಳೂರಿನ ಲೈನಿಗೂ ಇದಕ್ಕೂ ಸಂಬಂಧವಿಲ್ಲ. ಆಮೇಲೆ ವಿಎಂ ಬಿಟ್ಟು ಹೋಸ್ಟಿನಿಂದಲೇ ಕಳಿಸು. ಕೊನೆಗೆ ಅದೇ ಹೋಸ್ಟಿನೊಳಗಿನ ಒಂದು ವಿಎಂನಿಂದ ಇನ್ನೊಂದಕ್ಕೆ. ಎರಡೂ ಒಂದೇ ವರ್ಚುಯಲ್ ಸ್ವಿಚ್ಚಿನಲ್ಲಿದ್ದರೆ ಅದು ತಂತಿಗೆ ಇಳಿಯುವುದೇ ಇಲ್ಲ. ಬಂದ ಅಂಕಿಗಳನ್ನು ಬರೆದಿಟ್ಟುಕೋ, ತಲೆಯಲ್ಲಿ ಇಟ್ಟುಕೊಳ್ಳಬೇಡ. ಬಿಟ್ಟು, ಬೈಟು ಕಲಸಿಕೊಳ್ಳಬೇಡ. ಲೈನಿನವರು 100 ಎಂಬಿಪಿಎಸ್ ಅಂದದ್ದು ಫೈಲ್ ಕಾಪಿಯ ಕಿಟಕಿಯಲ್ಲಿ ಸೆಕೆಂಡಿಗೆ 12.5 ಎಂಬಿ ಅಂತ ಕಾಣುತ್ತದೆ, ಅದೂ ಹೆಚ್ಚೆಂದರೆ. ಇದರ ಮೇಲೇ ಎಷ್ಟೋ ಜನ ಜಗಳ ಆಡಿದ್ದನ್ನು ನೋಡಿದ್ದೇನೆ.

ಫೋನಿಡುವ ಮುಂಚೆ ನೀನು ಒಂದು ಮಾತು ಅಂದೆ, ನಿನಗೆ ನೆನಪಿದೆಯೋ ಇಲ್ಲವೋ. ಹೋಸ್ಟಿನಿಂದಲೇ ಕಳಿಸಿದರೆ ಸರಿಯಾಗಿ ಹೋಗುತ್ತದೆ ಅಂತ. ಅದು ನಿಜವಾಗಿದ್ದು, ಹೋಸ್ಟು ವಿಎಂ ಎರಡೂ ಒಂದೇ ಕಾರ್ಡಿನಿಂದ ಹೊರಡುತ್ತಿದ್ದರೆ, ಕೇಬಲ್, ಸ್ವಿಚ್ಚು, ಹೊರಗಿನ ಫೈಬರ್ ಮೇಲೆ ಗುಮಾನಿ ಪಡುವ ಕಾರಣವೇ ಇಲ್ಲ. ಗಂಟು ಇರುವುದು ವಿಎಂಗೂ ಕಾರ್ಡಿಗೂ ನಡುವೆ. ಅಲ್ಲಿ ನಾನು ಮೊದಲು ಅನುಮಾನಿಸುವುದು ಲಾರ್ಜ್ ಸೆಂಡ್ ಆಫ್‌ಲೋಡ್ ಅನ್ನುವ ಸೌಕರ್ಯವನ್ನು.

ಅದೇನೆಂದರೆ, ಸಾಮಾನ್ಯವಾಗಿ ತಂತಿಯ ಮೇಲೆ ಒಂದು ಪ್ಯಾಕೆಟ್ಟಿಗೆ 1500 ಬೈಟಿನ ಮಿತಿ. ವಿಳಾಸ ಗಿಳಾಸ ಅಂತ 40 ಕಳೆದರೆ ಸರಕಿಗೆ ಉಳಿಯುವುದು 1460. ದೊಡ್ಡ ಫೈಲನ್ನು ಹೀಗೆ ಚೂರು ಮಾಡುತ್ತ ಕೂತರೆ ಪ್ರೊಸೆಸರ್ ಸುಸ್ತಾಗುತ್ತದೆ ಅಂತ, 64 ಕಿಲೋಬೈಟಿನಷ್ಟು ಸರಕನ್ನು ಒಟ್ಟಿಗೇ ಕಾರ್ಡಿನ ಮುಂದೆ ಇಳಿಸಿಬಿಡುತ್ತಾರೆ. ಸಂತೆಯಲ್ಲಿ ಕಡಲೆಕಾಯಿ ಮೂಟೆ ಇಳಿಸಿ, ಸೇರಿನಲ್ಲಿ ಅಳೆಯುವ ಕೆಲಸವನ್ನು ಅಂಗಡಿಯವನಿಗೆ ಬಿಟ್ಟು ಬಂದ ಹಾಗೆ. ಕಾರ್ಡಿನ ಡ್ರೈವರ್ ಚೆನ್ನಾಗಿದ್ದರೆ ಇದರಿಂದ ಲಾಭವೇ. ನಡುವೆ ವರ್ಚುಯಲ್ ಸ್ವಿಚ್ ಕೂತು, ಡ್ರೈವರಿನಲ್ಲಿ ಐಬೂ ಇದ್ದರೆ ಕೆಲವು ಚೂರು ಹೊರಗೇ ಹೋಗುವುದಿಲ್ಲ. ಆ ಕಡೆಯವರು ಬರಲಿಲ್ಲ ಅನ್ನುತ್ತಾರೆ, ಈ ಕಡೆಯವರು ಮತ್ತೆ ಕಳಿಸುತ್ತಾರೆ. ದಾರಿಯಲ್ಲಿ ನೂಕುನುಗ್ಗಲಿದೆ ಅಂದುಕೊಂಡು ಟಿಸಿಪಿ ತಾನೇ ವೇಗ ಇಳಿಸುತ್ತದೆ. ಇದು ಕಳಿಸುವ ಬದಿಯದೇ ಕೆಲಸವಾದ್ದರಿಂದ ಬರುವುದಕ್ಕೆ ಏನೂ ಆಗುವುದಿಲ್ಲ. ನಿನ್ನ ಕಥೆಗೆ ತಾಳೆಯಾಗುತ್ತದೆ, ನೋಡು.

ಆ ಲಾರ್ಜ್ ಸೆಂಡ್ ಆಫ್‌ಲೋಡನ್ನು ವಿಎಂನ ಅಡಾಪ್ಟರಿನಲ್ಲಿ ಆಫ್ ಮಾಡಿ ಅಳೆ. ಫರಕು ಕಾಣದಿದ್ದರೆ ಮೊದಲಿನಂತೆ ಮಾಡಿ, ಹೋಸ್ಟಿನ ಕಾರ್ಡಿನಲ್ಲಿ ಆಫ್ ಮಾಡಿ ಅಳೆ. ಲಿನಕ್ಸ್ ವಿಎಂ ಆದರೆ ಇದರ ಹೆಸರು ಟಿಎಸ್ಒ, ಅದನ್ನು ಆಫ್ ಮಾಡಲು ಈತ್‌ಟೂಲ್ ಇದೆ. ಜೊತೆಗೆ ವಿಎಂಕ್ಯೂ ಅಂತ ಕಾರ್ಡಿನ ಇನ್ನೊಂದು ಸೌಕರ್ಯವಿದೆ. ವಿಂಡೋಸ್ ಸರ್ವರ್ 2012ರ ಹೈಪರ್-ವಿ ಹೋಸ್ಟಿನಲ್ಲಿ ಬ್ರಾಡ್‌ಕಾಮ್‌ನ ಒಂದು ಗಿಗಾಬಿಟ್ ಕಾರ್ಡಿದ್ದು ಅದು ಚಾಲೂ ಇದ್ದರೆ ವಿಎಂಗಳ ನೆಟ್‌ವರ್ಕ್ ಕುಂಟುತ್ತದೆ ಅಂತ ಮೈಕ್ರೋಸಾಫ್ಟಿನವರೇ ಪ್ರಕಟಿಸಿದ್ದರು. ನಿನ್ನ ಸರ್ವರ್ ಎಷ್ಟನೇ ಇಸವಿಯದು, ಕಾರ್ಡು ಯಾವುದು ಅಂತ ಕೇಳುವುದೇ ಮರೆತೆ. ಆಫ್ ಮಾಡಿದ್ದಕ್ಕೆ ಸರಿಹೋಯಿತು ಅಂತ ಕೈತೊಳೆದುಕೊಳ್ಳಬೇಡ, ಡ್ರೈವರ್ ಹೊಸದು ಹಾಕಿಸು.

ಅಳತೆಯಲ್ಲಿ ಹೋಸ್ಟೂ ತೆವಳಿದರೆ ಮಾತು ಬೇರೆ. ಆಗ ಸ್ವಿಚ್ಚಿನ ಪೋರ್ಟಿಗೆ ಯಾರಾದರೂ 100 ಫುಲ್ ಡುಪ್ಲೆಕ್ಸ್ ಅಂತ ಗೂಟ ಹೊಡೆದಿದ್ದಾರೋ ನೋಡು. ಹಾಗೆ ಮಾಡಿದರೆ ಆಟೋದಲ್ಲಿರುವ ನಿನ್ನ ಕಾರ್ಡು ಹಾಫ್‌ಗೆ ಇಳಿದು, ಡಿಕ್ಕಿ ಹೊಡೆಸಿಕೊಳ್ಳುತ್ತಾ ಕೂರುತ್ತದೆ. ಸಿಸಿಟಿವಿಯ ರೆಕಾರ್ಡಿಂಗೋ ಬ್ಯಾಕಪ್ಪೋ ಹೊರಹೋಗುವ ದಾರಿಯನ್ನೆಲ್ಲ ನುಂಗುತ್ತಿರಲೂಬಹುದು.

ನಿನ್ನ ಗಾಬರಿ ನನಗೆ ಅರ್ಥವಾಗದ್ದೇನಲ್ಲ. ನಮ್ಮ ಕಾಲಕ್ಕೆ ಪಾವಗಡದಿಂದ ಹೊರಗೆ ಹೋಗುತ್ತಿದ್ದದ್ದು ಕಡಲೆಕಾಯಿ, ಮಳೆ ಕೈಕೊಟ್ಟ ವರ್ಷ ಜನ. ಈಗ ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಸೇರಿ ಐದು ಊರಿನ ಸುಮಾರು 13,000 ಎಕರೆಯ ಸೋಲಾರ್ ಪಾರ್ಕಿನಿಂದ 2,050 ಮೆಗಾವಾಟ್‌ವರೆಗೆ ಹೋಗುತ್ತದೆ. ಕರೆಂಟಿನ ಹಿಂದೆಯೇ ಲೆಕ್ಕವೂ ಹೋಗಬೇಕು. ದಿನವನ್ನು ಹದಿನೈದು ನಿಮಿಷದ 96 ತುಂಡು ಮಾಡಿ, ಯಾವ ತುಂಡಿಗೆ ಎಷ್ಟು ಕೊಡುತ್ತೀರಿ ಅಂತ ಮುಂಚೆಯೇ ಹೇಳಿರಬೇಕು; ಹೇಳಿದ್ದಕ್ಕೂ ಕೊಟ್ಟದ್ದಕ್ಕೂ ಅಂತರ ಮಿತಿ ಮೀರಿದರೆ ದುಡ್ಡು ತೆರಬೇಕು. ಅಂಥ ಜಾಗದಲ್ಲಿ ಕಳಿಸುವ ದಾರಿ ಕುಂಟಿದರೆ ಮೇಲಿನವರು ಕೂಗಾಡುವುದು ಸಹಜ. ಕೂಗಾಟಕ್ಕೆ ಹೆದರಿ ಹತ್ತು ಬಟನ್ ಒಟ್ಟಿಗೇ ಒತ್ತಬೇಡ. ಒತ್ತಿ ಸರಿಹೋದರೂ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗದೆ, ಮುಂದಿನ ತಿಂಗಳು ಮತ್ತೆ ನಿದ್ದೆಗೆಡುತ್ತೀಯ.

ಇನ್ನೊಂದು ಮುಖ್ಯ. ಹೋಸ್ಟಿನ ಕಾರ್ಡಿನ ಸೆಟ್ಟಿಂಗ್ ಬದಲಿಸಿದರೆ ಕಾರ್ಡು ಒಂದು ಕ್ಷಣ ಬಿದ್ದು ಏಳುತ್ತದೆ, ಅದನ್ನು ನಂಬಿಕೊಂಡಿರುವ ನಾಲ್ಕೂ ವಿಎಂಗಳ ಸಂಪರ್ಕ ಕಡಿದುಹೋಗುತ್ತದೆ. ಆದ್ದರಿಂದ ಮೇಲಿನವರಿಗೆ ಲಿಖಿತವಾಗಿ ತಿಳಿಸಿ, ಹೊತ್ತು ಮುಳುಗಿದ ಮೇಲೆ ಮಾಡು; ರಾತ್ರಿ ಪ್ಯಾನೆಲ್ಲಿಗೆ ಹೇಗೂ ಕೆಲಸವಿಲ್ಲ. ರೂಮಿನಲ್ಲಿ ಕೂತು ರಿಮೋಟಿನಲ್ಲಿ ಮಾಡಹೋಗಬೇಡ, ಕಾರ್ಡು ಏಳದಿದ್ದರೆ ನೀನೇ ಹೊರಗುಳಿಯುತ್ತೀಯ. ಸರ್ವರಿನ ಮುಂದೆ ನಿಂತೇ ಮಾಡು. ಕೆಲಸ ಮುಗಿದಾಗ ಎಷ್ಟು ಹೊತ್ತಾಗಿದ್ದರೂ ಆ ಕತ್ತಲ ರಸ್ತೆಯಲ್ಲಿ ಸ್ಕೂಟಿಯಲ್ಲಿ ಪಾವಗಡಕ್ಕೆ ಹೊರಡಬೇಡ. ನಿನ್ನ ಜೊತೆಯ ಹುಡುಗಿಯ ಮನೆ ಅಲ್ಲೇ ನಾಗಲಮಡಿಕೆಯಲ್ಲಿ ಇದೆ ಅಂದಿದ್ದೆಯಲ್ಲ, ಅಲ್ಲಿ ಮಲಗಿ ಬೆಳಿಗ್ಗೆ ಹೋಗು. ಊಟದ ಡಬ್ಬಿ ಮುಚ್ಚಳ ತೆಗೆಯದೆ ವಾಪಸ್ ತರುತ್ತೀಯಂತೆ, ನಿನ್ನಮ್ಮ ಕೊರಟಗೆರೆಯಿಂದ ಫೋನ್ ಮಾಡಿ ನನ್ನ ಹತ್ತಿರ ದೂರಿದಳು. ಕಾರ್ಡಿನ ಹೆಸರು, ಡ್ರೈವರಿನ ತಾರೀಖು, ಅಳೆದ ಅಂಕಿಗಳು ಇಷ್ಟನ್ನೂ ಬರೆದು ಕಳಿಸು, ನಾನೂ ಕೂತು ನೋಡುತ್ತೇನೆ.

ಇಂತಿ ನಿನ್ನ
ಸೋದರಮಾವ