ಯಡಹಳ್ಳಿ ಅಡವಿಯಲ್ಲಿ ಕುರಿಗಾರರ ಹಿಂದೆ

ಬೀಳಗಿ, ಮುಧೋಳ ತಾಲ್ಲೂಕುಗಳಿಗೆ ಹರಡಿಕೊಂಡ ಯಡಹಳ್ಳಿ ಅಡವಿಯನ್ನು ನೋಡಬೇಕೆಂದರೆ ಮೊದಲು ಕುರಿಗಾರರ ನಡಿಗೆ ಕಲಿಯಬೇಕು. ದಡಬಡ ನಡೆಯುವವರಿಗೆ ಇಲ್ಲಿ ಕಲ್ಲು, ಜಾಲಿಮುಳ್ಳು, ಬಾರಿಕಂಟಿ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಸುಮಾರು 96 ಚದರ ಕಿಲೋಮೀಟರಿನ ಈ ಕುರುಚಲು ಕಾಡು 2016ರಲ್ಲಿ ಚಿಂಕಾರ ಎಂಬ ಸಣ್ಣ ಹುಲ್ಲೆಯ ವನ್ಯಧಾಮವಾಯಿತು. ಕುರಿಗಾರರು ಅದಕ್ಕೂ ಎಷ್ಟೋ ತಲೆಮಾರು ಮೊದಲಿನಿಂದ ಈ ಸೀಮೆಯಲ್ಲಿ ಮಂದೆ ಹೊಡೆದುಕೊಂಡು ಬಂದವರು.

ನಾನು ಹೊರಟದ್ದು ಹಿರಿಯ ಕುರಿಗಾರರೊಬ್ಬರ ಜೊತೆ, ಬೆಳಗಿನ ತಂಪಿನಲ್ಲಿ, ಗಾಳಿಗೆ ಎದುರಾಗಿ. ನಮ್ಮ ವಾಸನೆ ಮುಂದೆ ಹೋಗಬಾರದೆಂದು ಆ ದಿಕ್ಕನ್ನು ಆರಿಸಿದವರು ಅವರೇ. ಒಂದು ಕಡೆ ಕೈ ಅಡ್ಡ ಹಿಡಿದರು. “ಸುಮ್ನ ನಿಂದರು ತಮ್ಮಾ. ನೀ ಅದನ್ನ ನೋಡೂಕಿಂತ ಮದಲ ಅದು ನಿನ್ನ ನೋಡಿರತೈತಿ.”

ಬಹಳ ಹೊತ್ತು ನಿಂತೆವು. ಆಮೇಲೆ ಸೀನಿದಂಥ ಸಣ್ಣ ಸಪ್ಪಳ. ಬೆದರಿದ ಚಿಂಕಾರ ಹೀಗೇ ಸೀನುತ್ತದೆ, ಮುಂಗಾಲಿನಿಂದ ನೆಲ ಕುಟ್ಟುತ್ತದೆ. ಕೆಂಗಂದು ಮೈ, ಒಂದೇ ಸಮ ಅಲ್ಲಾಡುವ ಕಪ್ಪು ಬಾಲ. ಎರಡೇ ನೆಗೆತಕ್ಕೆ ದಿಬ್ಬದಾಚೆ. ಅತ್ತ ಕೃಷ್ಣೆ, ಇತ್ತ ಘಟಪ್ರಭೆ, ಕಣ್ಣು ಹಾಯಿಸಿದಲ್ಲೆಲ್ಲ ಕಬ್ಬು. ಇಷ್ಟು ನೀರಿನ ನಡುವೆ ಎಲೆಯ ರಸ, ಇಬ್ಬನಿಗಳಿಂದಲೇ ಬಹಳ ದಿನ ನೀರಡಿಕೆ ನೀಗಿಸಿಕೊಳ್ಳಬಲ್ಲ ಪ್ರಾಣಿಯೊಂದು ಬದುಕಿದೆ. ಅದಕ್ಕೆ ಬೇಕಾದದ್ದು ನಾವು ಬರಡು ಎಂದು ಬರೆದಿಡುವ ಈ ನೆಲವೇ.

ತೋಳದ ಮಾತು ಬಂತು. ಕುರಿ ಕಳೆದುಕೊಂಡ ಲೆಕ್ಕವನ್ನು ಅಜ್ಜ ಹೇಳಿದ್ದು ಸಿಟ್ಟಿನಿಂದಲ್ಲ. “ಅದರ ಪಾಲು ಅದು ಒಯ್ತೈತಿ. ಅದೂ ಅಡವ್ಯಾಗ ಹುಟ್ಟಿದ್ದಲ್ಲೇನು?” ಆ ಮಾತು ಹೇಳುವವನ ದಡ್ಡಿಯಲ್ಲಿ ಒಂದು ಕುರಿ ಕಡಿಮೆಯಾದರೆ ಒಂದು ತಿಂಗಳ ಸಂಸಾರ ಅಲುಗಾಡುತ್ತದೆ. ಆದ್ದರಿಂದ ಪರಿಹಾರದ ಹಣ ಅವನಿರುವ ಹಟ್ಟಿಗೇ ಹೋಗಿ ತಲುಪಬೇಕು. ಮಳೆ ನೋಡಿ ಊರೂರು ಅಲೆಯುವವನು ಕಚೇರಿ ಕಾಯುತ್ತ ಕೂರುವುದು ಹೇಗೆ?

ಆರ್ಕ್ಟಿಕ್ ಸೀಮೆಯ ಸಾಮಿ ಜನರೂ ಹಿಮಸಾರಂಗಗಳ ಹಿಂದೆ ಋತುಮಾನಕ್ಕೆ ತಕ್ಕಂತೆ ಜಾಗ ಬದಲಿಸುತ್ತಾರೆ. ಅವರ ಬದುಕನ್ನು ನೋಡಲು ಜಗತ್ತು ದುಡ್ಡು ಕೊಟ್ಟು ಹೋಗುತ್ತದೆ. ಸುಗ್ಗಿ ಮುಗಿದ ನಮ್ಮ ಹೊಲಗಳಲ್ಲಿ ಕುರಿ ತರುಬಿ ಗೊಬ್ಬರ ಕೊಟ್ಟು ಹೋಗುವವರಿಗೂ ಅದೇ ಗೌರವ ಸಲ್ಲಬೇಕೆಂಬುದು ನನ್ನ ಹಟ. ಅಡವಿಯನ್ನು ನಂಬಿ ಬದುಕಿದವರು ಕುರಿಗಾರರಷ್ಟೇ ಅಲ್ಲ. ಇದೇ ಮುಧೋಳ ಸೀಮೆಯ ಹಲಗಲಿಯ ಬೇಡರು 1857ರಲ್ಲಿ ಆಯುಧ ಒಪ್ಪಿಸುವುದಿಲ್ಲವೆಂದು ಬ್ರಿಟಿಷರಿಗೆ ಎದುರು ನಿಂತದ್ದು ಲಾವಣಿಯಾಗಿ ಉಳಿದಿದೆ. ಬೇಟೆಯ ಮೇಲೆ ಬದುಕಿದವರಿಗೆ ಆಯುಧವೇ ಅನ್ನ ಎಂಬುದು ಈ ಕಂಟಿಗಳ ನಡುವೆ ನಡೆದಾಗ ಇನ್ನಷ್ಟು ಚೆನ್ನಾಗಿ ತಿಳಿಯುತ್ತದೆ.

ಹೋಗುವವರು ಅರಣ್ಯ ಇಲಾಖೆಯ ಅನುಮತಿ ಪಡೆದೇ ಹೋಗಿ. ಜೊತೆಗೆ ನಾಯಿ ಬೇಡ. ಮುಧೋಳ ನಾಯಿಯಂತೂ ಬೇಡವೇ ಬೇಡ. ಬೇಟೆಗೆಂದೇ ಬೆಳೆಸಿದ ತಳಿ ಅದು, ಓಡುವುದನ್ನು ಕಂಡರೆ ಬೆನ್ನಟ್ಟದೆ ಬಿಡದು.