ಮೂರು ಊರಿನ ಪಿನ್‌ಕೋಡ್‌ಗಳು

ಪ್ರಶ್ನೆ: ಹನೂರಿನ ಪಿನ್‌ಕೋಡ್ 571439, ಕೊಳ್ಳೇಗಾಲದ್ದು 571440, ನಮ್ಮ ಯಳಂದೂರಿನದು 571441. ಇವುಗಳಲ್ಲಿ ಯಾವುದಾದರೂ ಅವಿಭಾಜ್ಯ ಸಂಖ್ಯೆಯೇ? ಏಳನೇ ತರಗತಿಯ ಮಗಳು ಕೇಳುತ್ತಿದ್ದಾಳೆ.
— ಓದುಗರು, ಯಳಂದೂರು

ಉತ್ತರ: ಒಂದೂ ಅಲ್ಲ. ಆದರೆ ಮೂರೂ ಒಡೆಯುವ ಬಗೆ ಬೇರೆ ಬೇರೆ. ಮಗಳ ಪ್ರಶ್ನೆ ಬಹಳ ಒಳ್ಳೆಯ ಜಾಗಕ್ಕೇ ಕೈಹಾಕಿದೆ.

ಕೊಳ್ಳೇಗಾಲದ್ದು ಸೊನ್ನೆಯಲ್ಲಿ ಮುಗಿಯುವುದರಿಂದ ಅದರ ಬಗ್ಗೆ ಅನುಮಾನವೇ ಇಲ್ಲ. ಉಳಿದೆರಡು ನೋಡಲು ಅವಿಭಾಜ್ಯದಂತೆಯೇ ಇವೆ. 2, 3, 5, 7 ಯಾವುದಕ್ಕೂ ಬಗ್ಗುವುದಿಲ್ಲ. ಇಲ್ಲಿ 1001 ನೆರವಿಗೆ ಬರುತ್ತದೆ. ಅದು 7, 11, 13ರ ಗುಣಲಬ್ಧ. ಆರಂಕಿಯ ಸಂಖ್ಯೆಯನ್ನು ಮೂರು ಮೂರು ಅಂಕಿಗಳಾಗಿ ಕತ್ತರಿಸಿ, ಒಂದು ತುಂಡಿನಿಂದ ಇನ್ನೊಂದನ್ನು ಕಳೆಯಿರಿ. ಉಳಿದದ್ದು 7, 11, 13ರಲ್ಲಿ ಯಾವುದರಿಂದ ಭಾಗವಾಗುತ್ತದೋ ಇಡೀ ಸಂಖ್ಯೆಯೂ ಅದರಿಂದ ಭಾಗವಾಗುತ್ತದೆ. ಅಂಚೆಯವರೂ ಪಿನ್‌ಕೋಡನ್ನು ಓದುವುದು ಇದೇ ಜಾಗದಲ್ಲಿ ಕತ್ತರಿಸಿಯೇ: 1972ರ ಆಗಸ್ಟ್ 15ರಂದು ಈ ಪದ್ಧತಿ ಬಂದಾಗಿನಿಂದ ಮೊದಲ ಮೂರಂಕಿ ವಿಂಗಡಣಾ ಜಿಲ್ಲೆಗೆ, ಕೊನೆಯ ಮೂರು ಅಂಚೆ ಕಚೇರಿಗೆ.

571ರಿಂದ 439 ಕಳೆದರೆ 132. ಅದು 11ರ ಮಗ್ಗಿಯಲ್ಲಿದೆ. 441 ಕಳೆದರೆ 130, ಅದು 13ರ ಮಗ್ಗಿಯಲ್ಲಿದೆ. ಏಕೆ ಹೀಗೆ? 571×1001 ಎಂದರೆ 571571. ಅದರಿಂದ 132 ತೆಗೆದರೆ ಹನೂರು, 130 ತೆಗೆದರೆ ಯಳಂದೂರು.

ಹನೂರಿನದು 11×51949. ಈ 51949 ಅವಿಭಾಜ್ಯ. ನಂಬಿಕೆ ಬಾರದಿದ್ದರೆ 227ರವರೆಗಿನ ಎಲ್ಲ ಅವಿಭಾಜ್ಯಗಳಿಂದ ಭಾಗಿಸಿ ನೋಡಬೇಕು. 228ರ ವರ್ಗ 51984, ಅದಾಗಲೇ ಮೀರಿಹೋಯಿತು. ನಿಮ್ಮ ಯಳಂದೂರಿನದು 13×113×389, ಮೂರು ಬೇರೆ ಬೇರೆ ಅವಿಭಾಜ್ಯಗಳ ಗುಣಲಬ್ಧ. ಮೂರರಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಇದೇ.

ಕೊಳ್ಳೇಗಾಲದ್ದು 2×2×2×2×3×5×2381. ಹನೂರಿನ ಸಂಖ್ಯೆಗೆ ನಾಲ್ಕೇ ಭಾಜಕಗಳು, ಯಳಂದೂರಿನದಕ್ಕೆ ಎಂಟು, ಇದಕ್ಕೆ ನಲವತ್ತು! ಕ್ರಿ.ಶ. 100ರ ಸುಮಾರಿಗೆ ಗ್ರೀಕ್ ಲೇಖಕ ನಿಕೋಮಾಕಸ್ ಬರೆದಿಟ್ಟ ವಿಂಗಡಣೆಯೊಂದಿದೆ. ಸಂಖ್ಯೆಯನ್ನು ಬಿಟ್ಟು ಅದರ ಉಳಿದ ಭಾಜಕಗಳನ್ನು ಕೂಡಬೇಕು. ಮೊತ್ತ ಸಂಖ್ಯೆಗೆ ಸಮನಾದರೆ ಪರಿಪೂರ್ಣ (6, 28ರಂತೆ), ಕಡಿಮೆಯಾದರೆ ನ್ಯೂನ, ಹೆಚ್ಚಾದರೆ ಸಮೃದ್ಧ. ಹನೂರಿನ ಮೊತ್ತ 51961, ಯಳಂದೂರಿನದು 50999, ಎರಡೂ ನ್ಯೂನ. ಕೊಳ್ಳೇಗಾಲದ ಮೊತ್ತ 12,00,768, ಸಂಖ್ಯೆಯ ಎರಡು ಪಟ್ಟಿಗಿಂತಲೂ ಹೆಚ್ಚು.

ಇದರಿಂದ ಊರಿನ ಹಿರಿಮೆ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ನಕ್ಷೆಯಲ್ಲೂ ಎಣಿಕೆಯಲ್ಲೂ ನಡುವೆ ಇರುವುದು ಕೊಳ್ಳೇಗಾಲ. ಆದರೂ ಅದರ ನಲವತ್ತು ಭಾಜಕಗಳಲ್ಲಿ 1 ಬಿಟ್ಟು ಇನ್ನೊಂದೂ ಅಕ್ಕಪಕ್ಕದ ಎರಡಕ್ಕೆ ಸಿಗುವುದಿಲ್ಲ. ಒಂದರ ಅಂತರವಿರುವ ಎರಡು ಸಂಖ್ಯೆಗಳನ್ನು ಯಾವುದೋ ಒಂದು ಸಂಖ್ಯೆ ಭಾಗಿಸಿದರೆ, ಅವುಗಳ ವ್ಯತ್ಯಾಸವಾದ 1ನ್ನೂ ಅದು ಭಾಗಿಸಲೇಬೇಕಲ್ಲ.