ತಂತ್ರಾಂಶದ ಕೈಪಿಡಿ: ಬರೆಯುವ ಬಗೆ, ಬಳಸುವ ಬಗೆ



ಔಷಧಿಯ ಡಬ್ಬಿಯೊಡನೆ ಅದನ್ನು ಬಳಸುವ ಕ್ರಮವನ್ನು ಅಚ್ಚು ಹಾಕಿದ ಚೀಟಿಯೂ ಬರುವುದನ್ನು ತಾವು ಬಲ್ಲಿರಿ. ಬೆಳೆಯ ವಿವರ ತುಂಬುವ, ಪಹಣಿ ನೋಡುವ, ಹಣ ಕಳುಹಿಸುವ ಮೊಬೈಲ್ ಆ್ಯಪ್‌ಗಳಿಗೂ ಇಂಥ ಬರಹ ಬೇಕು. ಆ್ಯಪ್ ಒಂದು ಬಗೆಯ ತಂತ್ರಾಂಶ. ಅದನ್ನು ಬಳಸುವ ಕ್ರಮ ತಿಳಿಸುವ ಬರಹವೇ ಅದರ ಕೈಪಿಡಿ.

ಒಂದು ಮುಂಗಾರಿನಲ್ಲಿ ನಮ್ಮ ನೆರೆಯ ರೈತರೊಬ್ಬರು ತಮ್ಮ ರಾಗಿ ಬೆಳೆಯ ಚಿತ್ರ ತೆಗೆಯಲು ಮೂರು ದಿನ ಹೆಣಗಿದರು. ಆ್ಯಪ್ ಒಪ್ಪಲಿಲ್ಲ. ಕೈಪಿಡಿಯಲ್ಲಿ ‘ಲೊಕೇಶನ್ ಸಕ್ರಿಯಗೊಳಿಸಿ’ ಎಂದಷ್ಟೇ ಇತ್ತು. ಅವರು ಅದನ್ನು ಮಾಡಿಯೇ ಇದ್ದರು. ಆದರೆ ಬದುವಿನ ಆಚೆ, ಪಕ್ಕದ ಸರ್ವೆ ನಂಬರಿನ ಹೊಂಗೆಮರದ ನೆರಳಿನಲ್ಲಿ ನಿಂತಿದ್ದರು. ನಮ್ಮ ಹೊಲದ ಒಳಗೇ ನಿಲ್ಲಬೇಕೆಂಬ ಒಂದು ಸಾಲು ಇದ್ದಿದ್ದರೆ ಸಾಕಿತ್ತು. ಅಷ್ಟರಲ್ಲಿ ಕೊನೆಯ ದಿನ ಕಳೆಯಿತು. ಬೆಳೆ ದಾಖಲೆಯಾಗದಿದ್ದರೆ ವಿಮೆಗೂ ಮಾರಾಟಕ್ಕೂ ತೊಡಕು. ಇದರಲ್ಲಿ ತಪ್ಪು ರೈತರದಲ್ಲ, ಬರಹದ್ದು.

ತಂತ್ರಾಂಶ ಕಟ್ಟುವವರು ಇದಕ್ಕೆ ಹಿಂದೆಯೇ ಒಂದು ದಾರಿ ಕಂಡುಕೊಂಡಿದ್ದರು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಎಂಬವರು ಯುನಿಕ್ಸ್ ಎಂಬ ತಂತ್ರಾಂಶಕ್ಕೆ ಬರೆದ ಕೈಪಿಡಿಯ ಮೇಲೆ 1971ರ ನವೆಂಬರ್ 3ರ ದಿನಾಂಕವಿದೆ. ಅದರಲ್ಲಿ ಒಂದೊಂದು ಆಜ್ಞೆಗೆ ಒಂದೊಂದು ಬರಹ. ಎಲ್ಲ ಬರಹಕ್ಕೂ ಒಂದೇ ಬಗೆಯ ತಲೆಬರಹಗಳು: ಹೆಸರು, ಬಳಸುವ ರೀತಿ, ವಿವರಣೆ. ಬರೆಯುವವನಿಗೆ ಎಲ್ಲಿ ಆರಂಭಿಸಬೇಕೆಂಬ ಚಿಂತೆಯಿಲ್ಲ. ಓದುವವನಿಗೆ ಎಲ್ಲಿ ಹುಡುಕಬೇಕೆಂಬ ಚಿಂತೆಯಿಲ್ಲ. ಕೊನೆಯಲ್ಲಿ ‘ದೋಷಗಳು’ ಎಂದೂ, ಅದರ ಹೊಣೆ ಯಾರದೆಂದೂ ಬರೆಯುತ್ತಿದ್ದರು. ತನ್ನ ಸರಕಿನ ಕುಂದನ್ನು ತಾನೇ ಅಚ್ಚು ಹಾಕಿಸುವ ವ್ಯಾಪಾರಿಯನ್ನು ನಾನಂತೂ ಯಾವ ಸಂತೆಯಲ್ಲಿಯೂ ಕಂಡಿಲ್ಲ.

ಇನ್ನೊಂದು ತೊಡಕು, ಆ್ಯಪ್ ಹೊಸದಾದರೂ ಕೈಪಿಡಿ ಹಳೆಯದಾಗಿಯೇ ಉಳಿಯುವುದು. 2004ರಲ್ಲಿ ಜಾನ್ ಗ್ರೂಬರ್ ಎಂಬವರು ಮಾರ್ಕ್‌ಡೌನ್ ಎಂಬ ಸರಳ ಬರವಣಿಗೆಯ ಕ್ರಮವನ್ನು ಪ್ರಕಟಿಸಿದರು. ಸಾದಾ ಬರಹದಲ್ಲಿ ತಲೆಬರಹಕ್ಕೊಂದು ಗುರುತು, ಪಟ್ಟಿಗೊಂದು ಗುರುತು ಹಾಕಿದರೆ ಗಣಕಯಂತ್ರವೇ ಅದನ್ನು ಅಂದವಾದ ಪುಟವಾಗಿಸುವುದು. ಇಂಥ ಬರಹವನ್ನು ತಂತ್ರಾಂಶದ ಜೊತೆಯಲ್ಲಿಯೇ ಇಟ್ಟು, ಒಂದನ್ನು ತಿದ್ದುವಾಗ ಇನ್ನೊಂದನ್ನೂ ತಿದ್ದಬಹುದು.

ಅವರ ಕ್ರಮವನ್ನು ನಮ್ಮ ಊರಿನಲ್ಲಿಯೂ ಅನುಸರಿಸಬಹುದು. ಆ್ಯಪ್‌ನಲ್ಲಿ ಪಳಗಿದ ಹುಡುಗ ಹುಡುಗಿಯರು ಪ್ರತಿ ಊರಿನಲ್ಲಿಯೂ ಇದ್ದಾರೆ. ಅವರಿಂದ ಒಂದೇ ಕೆಲಸಕ್ಕೆ ಒಂದೇ ಹಾಳೆ ಬರೆಯಿಸಿರಿ. ಮೇಲಿನ ತೊಡಕಿಗೆ ಹಾಳೆ ಹೀಗಿರಬಹುದು:

‘ಬೆಳೆಯ ಚಿತ್ರ ತೆಗೆಯುವುದು. ಬೇಕಾದದ್ದು: ಸರ್ವೆ ನಂಬರ್, ಹಿಸ್ಸಾ ನಂಬರ್, ಚಾರ್ಜ್ ಇರುವ ಫೋನ್. ಮೊದಲು ಹೊಲದ ನಡುವಿಗೆ ಹೋಗಿ. ಆಮೇಲೆ ಲೊಕೇಶನ್ ಒತ್ತಿ. ಒಂದು ನಿಮಿಷ ಅಲ್ಲೇ ನಿಲ್ಲಿ. ಒಪ್ಪದಿದ್ದರೆ ಬದುವಿನಿಂದ ಇನ್ನೂ ಒಳಕ್ಕೆ ಬನ್ನಿ.’

ಗುಂಡಿಯ ಮೇಲೆ ಇರುವ ಅಕ್ಷರವನ್ನೇ ಬರೆಯತಕ್ಕದ್ದು. ‘ಸಲ್ಲಿಸಿ’ ಎಂದಿದ್ದರೆ ‘ಕಳುಹಿಸಿ’ ಎಂದು ಬರೆಯಬಾರದು. ಹಾಳೆಯ ಕೆಳಗೆ ದಿನಾಂಕವೂ ಬರೆದವರ ಹೆಸರೂ ಇರಲಿ.

ಅನಂತರ ಪರೀಕ್ಷೆ. ಆ್ಯಪನ್ನು ಎಂದೂ ಮುಟ್ಟದ ಒಬ್ಬರ ಕೈಗೆ ಫೋನ್ ಮತ್ತು ಹಾಳೆ ಕೊಡಿರಿ. ಅಕ್ಕನೋ ಅಜ್ಜನೋ ಆಗಬಹುದು. ಬರೆದವರು ಪಕ್ಕದಲ್ಲಿ ಬಾಯಿ ಬಿಡದೆ ಕೂರಬೇಕು. ಇದು ಬಹಳ ಕಷ್ಟದ ಕೆಲಸ. ಕೈ ತಾನಾಗಿ ಫೋನಿನ ಕಡೆಗೆ ಹೋಗುವುದು. ತಡೆದುಕೊಳ್ಳಬೇಕು. ಓದುವವರು ತಡವರಿಸಿದ ಸಾಲಿಗೆ ಗೆರೆ ಎಳೆದು, ಆ ಸಾಲನ್ನು ಹೊಸದಾಗಿ ಬರೆಯಬೇಕು.

ಆ್ಯಪ್‌ನದೇ ದೋಷವಾಗಿದ್ದರೆ, ತೆರೆಯ ಮೇಲೆ ಬಂದ ಮಾತನ್ನು ಇದ್ದಂತೆಯೇ ಬರೆದುಕೊಂಡು, ದಿನಾಂಕದೊಡನೆ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ತಿಳಿಸಿರಿ. ‘ಆ್ಯಪ್ ಕೆಟ್ಟಿದೆ’ ಎಂದರೆ ಯಾರಿಗೂ ಏನೂ ತಿಳಿಯದು.

ಸಿದ್ಧವಾದ ಹಾಳೆಯನ್ನು ಹಾಲಿನ ಡೇರಿಯ ಗೋಡೆಗೆ ಅಂಟಿಸಿರಿ. ಆ್ಯಪ್ ಬದಲಾದ ದಿನವೇ ಹಳೆಯ ಹಾಳೆಯನ್ನು ಕಿತ್ತು ಹಾಕಿರಿ.